ಜೀಪಿಗೆ ಹತ್ತಿದ ಒರಳು

ತಂಬಿಗೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಈಗಲೂ ನನ್ನ ಅಡುಗೆಮನೆಯಲ್ಲಿದೆ. ಉಳಿದದ್ದೆಲ್ಲ ನನ್ನ ತಲೆಯಲ್ಲಿದೆ, ತಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಿತ್ತಾಳೆಯ ತಂಬಿಗೆ. ಜೀಪು ಎಷ್ಟು ಕುಣಿಯುತ್ತದೆಂದು ನೋಡಲು ಅವತ್ತು ಅದಕ್ಕೆ ಬಾಯಿಮಟ ನೀರು ತುಂಬಿದೆ. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ಜೀಪಿನ ಮುಂದಿನ ಎಡಗಡೆಯ ಸೀಟಿನ ಮೇಲಿಟ್ಟು, ಅದರೊಳಗೆ ತಂಬಿಗೆ ಕೂರಿಸಿ, ಅಕ್ಕನ ತೋಟದ ಮನೆಯಿಂದ ಡಾಂಬರು ರಸ್ತೆಯವರೆಗೆ ಓಡಿಸಿದೆ. ದೇವಣಗಾಂವದ ಆಚೆ, ಭೀಮಾ ನದಿಯ ಕಡೆಗಿರುವ ತೋಟ ಅದು. ಕರಿಮಣ್ಣಿನ ದಾರಿ. ಹಸಿ ಇದ್ದಾಗ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಜಾಡುಗಳು ಬಿಸಿಲಿಗೆ ಒಣಗಿ ಕಲ್ಲಾಗಿರುತ್ತವೆ. ಜಾಡುಗಳ ನಡುವಿನ ದಿಬ್ಬಕ್ಕೆ ಕಾರಿನ ಹೊಟ್ಟೆ ತಾಗುತ್ತದೆ. ಆ ದಾರಿಗೆ ಜೀಪೇ ಬೇಕು.

ಡಾಂಬರು ಮುಟ್ಟಿದಾಗ ತಂಬಿಗೆಯ ನೀರು ಅರ್ಧಕ್ಕೆ ಇಳಿದಿತ್ತು. ಅರ್ಧ ಎಂದು ಈಗ ಬರೆಯುತ್ತಿದ್ದೇನೆ. ಅವತ್ತು ತಿರುಗಿ ಬಂದು ಅಕ್ಕನಿಗೆ "ಸ್ವಲ್ಪ ಚೆಲ್ಲೇತಿ" ಎಂದಿದ್ದೆ. ಆಕೆ ಕಟ್ಟೆಯ ಮೇಲೆ, ಬೆನ್ನಿನ ಹಿಂದೆ ದಿಂಬಿಟ್ಟುಕೊಂಡು ಕೂತಿದ್ದಳು. ಒದ್ದೆಯಾದ ಸೀಟನ್ನು ನೋಡಿ ಹೇಳಿದಳು:

"ನೀರು ಚೆಲ್ಲಿದ್ರ ಮತ್ತ ತುಂಬಬಹುದು. ನನ್ನ ಟೊಂಕ ಚೆಲ್ಲಿದ್ರ ಯಾವ ಬಾವ್ಯಾಗಿಂದ ತುಂಬ್ತಿ?"

ಅಕ್ಕನ ಟೊಂಕ ಕೆಟ್ಟು ಬಹಳ ದಿನವಾಗಿತ್ತು. ಬೆನ್ನೆಲುಬಿನ ನಡುವಿನ ಗಾದಿ ಸರಿದಿದೆ, ಏಟು ಬೀಳುವ ಪ್ರಯಾಣ ಬೇಡ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ ಹತ್ತಿ ಇಳಿಯುವುದು. ಒಮ್ಮೆ ಕೂತರೆ ಹೇಗೋ ಕೂತಿರುತ್ತಾಳೆ. ಏಳುವಾಗ, ಕಾಲು ಎತ್ತಿ ಮೆಟ್ಟಿಲು ಹತ್ತುವಾಗ ಆಕೆಯ ಮುಖ ಬೂದಿಯಾಗುತ್ತಿತ್ತು. ಆದ್ದರಿಂದ ತೋಟದಿಂದ ಡಾಂಬರಿನವರೆಗೆ ಜೀಪು, ಅಲ್ಲಿಂದ ಕಾರು ಎಂಬ ಎಲ್ಲರ ಸಲಹೆ ನಡೆಯುವಂತಿರಲಿಲ್ಲ. ಹತ್ತುವುದು ಒಂದು ಸಲ, ಇಳಿಯುವುದು ಒಂದು ಸಲ, ನಡುವೆ ಏನೂ ಇಲ್ಲ.

ಹೋಗಬೇಕಾದದ್ದು ಬಸವನ ಬಾಗೇವಾಡಿಯ ಆಚೆ, ಮುದ್ದೇಬಿಹಾಳದ ದಿಕ್ಕಿನಲ್ಲಿರುವ ಮಗಳ ಮನೆಗೆ. ಮಗಳು ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ತೊಡಿಸಿ, ಸೆರಗಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಕೊಂಬು ತುಂಬಿ, ಹೆರಿಗೆಗೆ ಮನೆಗೆ ಕರೆದುಕೊಂಡು ಬರಬೇಕು. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ತನ್ನ ತಂಗಿಯನ್ನು ಕಳಿಸುವುದೆಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ.

"ನಿನ್ನ ತಂಗಿ ಉಡಿ ತುಂಬಿದ್ರ ನಾ ಯಾಕ ಹಡದೆ?" ಎಂದಳು ಅಕ್ಕ.

"ಹಾದ್ಯಾಗ ಏನರ ಆದ್ರ ನಿನ್ನ ಹೊತಕೊಂಡ ಬರೂದು ನಾವ."

"ಹೊತಕೊಂಡ ಬರ್ರಿ. ಉಡಿ ತುಂಬಿದ ಮ್ಯಾಲೆ."

ಇಷ್ಟೇ ವಿಷಯ. ಅಕ್ಕ ಹೋಗಿ ತನ್ನ ಕೈಯಿಂದ ಮಗಳ ಉಡಿ ತುಂಬುತ್ತಾಳೋ, ಇಲ್ಲ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ನೋಡುತ್ತಾಳೋ. ಅದು ನನ್ನ ಹಳೆಯ ಜೀಪಿನ ಕಮಾನುಗಳ, ಅಂದರೆ ಸ್ಪ್ರಿಂಗುಗಳ, ಮೇಲೆ ನಿಂತಿತ್ತು.

ಜೀಪು ಸಣ್ಣದು, ನಾಲ್ಕೂ ಚಕ್ರ ಎಳೆಯುವಂಥದ್ದು. ಇಂಡಿ ತಾಲೂಕಿನ ನಿಂಬೆ ತೋಟದವರೊಬ್ಬರಿಂದ ಕೊಂಡದ್ದು. ಸಿಂದಗಿಯಲ್ಲಿ ಸಾಲೆ ಕಲಿಸುವ ನನಗೆ ಜೀಪು ಯಾಕೆ ಎಂದು ಓಣಿಯವರು ಕೇಳುತ್ತಿದ್ದರು. ಅಕ್ಕನ ತೋಟಕ್ಕೆ ಹೋಗಲು ಎನ್ನುತ್ತಿದ್ದೆ. ನಿಜವಾದ ಕಾರಣ ಅದಲ್ಲದಿರಬಹುದು. ನೋಡಿದ ಕೂಡಲೇ ಬೇಕೆನಿಸಿತ್ತು, ಕಾರಣ ಆಮೇಲೆ ಹುಡುಕಿಕೊಂಡೆ. ಒಳಗೆ ಎಷ್ಟು ತೊಳೆದರೂ ಹೋಗದ ನಿಂಬೆಯ ವಾಸನೆಯೊಂದಿತ್ತು. ಈಗ ಅದು ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಬರುತ್ತದೆ.

ಜೀಪು ಯಾಕೆ ಅಷ್ಟು ಎತ್ತಿ ಒಗೆಯುತ್ತದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಜೀಪು ಎಂದರೆ ಕುಣಿಯುತ್ತದೆ, ಅಷ್ಟೇ. ತಂಬಿಗೆ ಇಟ್ಟ ಮೇಲೆ ಕುತೂಹಲ ಹತ್ತಿತು. ಏಟು ಎಲ್ಲಿ ಹುಟ್ಟುತ್ತದೆ? ನೆಲದಲ್ಲೋ, ಗಾಲಿಯಲ್ಲೋ, ಕಮಾನಿನಲ್ಲೋ, ಸೀಟಿನಲ್ಲೋ? ಅದು ನೆಲದಿಂದ ಅಕ್ಕನ ಟೊಂಕದವರೆಗೆ ಯಾವ ದಾರಿ ಹಿಡಿದು ಬರುತ್ತದೆ? ಆ ದಾರಿಯಲ್ಲಿ ಎಲ್ಲಿ ಅಡ್ಡ ನಿಲ್ಲಬಹುದು?

ಮೊದಲು ಗಾಲಿ. ಸಿಂದಗಿಯಲ್ಲಿ ಪಂಕ್ಚರ್ ತಿದ್ದುವ ಹಿರಿಯನೊಬ್ಬ ಗಾಳಿಯ ಪೈಪು ಹಿಡಿದು ಬಂದ.

"ಎಷ್ಟ ಹಾಕ್ಲಿರಿ ಅಕ್ಕಾರ?" ಸಾಲೆ ಕಲಿಸುವ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುವುದು.

"ಹಾಕಬ್ಯಾಡ್ರಿ. ಕಡಿಮಿ ಮಾಡ್ರಿ."

ಆತ ಪೈಪನ್ನೂ ನನ್ನನ್ನೂ ನೋಡಿದ. "ಊರ ಮಂದಿ ಗಾಳಿ ಹಾಕ್ಸಾಕ ಬರ್ತಾರ. ನೀವು ತಗಸಾಕ ಬಂದೀರಿ. ತಗದಿದ್ದು ಎಲ್ಲಿ ಇಡ್ಲಿ?"

"ನಿಮ್ಮ ಕಡೆನ ಇರ್ಲಿ."

ಅಳೆದು ನೋಡಿದರೆ ಗಾಲಿಗಳು ತುಂಬಿದ ಲಾರಿಯ ಹಾಗೆ ಬಿಗಿದಿದ್ದವು. ನಿಂಬೆ ಹೊರುವ ಕಾಲದಿಂದ ಯಾರೋ ತುಂಬುತ್ತಲೇ ಬಂದಿದ್ದರು, ನಾನೂ ತುಂಬಿಸುತ್ತಲೇ ಬಂದಿದ್ದೆ. ಬಾಗಿಲ ಬಳಿಯ ತಗಡಿನಲ್ಲಿ ಬರೆದ ಅಂಕೆಗೆ ಇಳಿಸಿದೆವು. ಮತ್ತೆ ತಂಬಿಗೆ ಇಟ್ಟು ತೋಟದ ದಾರಿ ಹಿಡಿದೆ. ಸಣ್ಣ ಸಣ್ಣ ಗರಗರ ಕಡಿಮೆಯಾಗಿತ್ತು, ನೀರು ನಡುಗುತ್ತಿರಲಿಲ್ಲ. ದೊಡ್ಡ ತಗ್ಗಿನಲ್ಲಿ ಮಾತ್ರ ಮೊದಲಿನ ಹಾಗೆಯೇ ಹಾರಿ ಬಿತ್ತು.

ಆಮೇಲೆ ಕಮಾನು. ಆಲಮೇಲದ ಮೆಕ್ಯಾನಿಕ್‌ನ ಅಂಗಳ ತುಂಬ ಕಬ್ಬಿನ ಟ್ರೇಲರುಗಳು. ಆತ ಜೀಪಿನ ಕೆಳಗೆ ಹೋಗಿ ಮಲಗಿದ. ಅಲ್ಲಿಂದಲೇ ಅವನ ದನಿ ಬಂತು.

"ಯಾರ್ ಮಾಡ್ಯಾರ್ರಿ ಇದನ್ನ? ಮಸ್ತ್ ಮಾಡ್ಯಾರ!"

ನಾನೂ ಬಗ್ಗಿ ನೋಡಿದೆ. ಹಿಂದಿನ ಕಮಾನುಗಳಲ್ಲಿ, ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳ ಸಾಲಿನಲ್ಲಿ, ಹೆಚ್ಚಿನದೊಂದು ದಪ್ಪ ಪಟ್ಟಿ ಸೇರಿತ್ತು. ನಿಂಬೆಯ ಭಾರಕ್ಕೆ ಹಾಕಿಸಿದ್ದು. ತುಕ್ಕು ಹಿಡಿದು ಎಲ್ಲ ಪಟ್ಟಿಗಳೂ ಒಂದೇ ತುಂಡಾಗಿದ್ದವು.

"ಅದನ್ನ ತಗೀರಿ" ಎಂದೆ.

"ಯಾಕ್ರಿ? ಏನ್ ತಪ್ಪ ಮಾಡೇತಿ ಅದು?"

"ಬಾಳ ಗಟ್ಟಿ ಆಗೇತಿ."

"ಗಟ್ಟಿ ಇರೂದು ತಪ್ಪೇನ್ರಿ?"

ನಮ್ಮ ಸೀಮೆಯಲ್ಲಿ ಮಾತು, ಎತ್ತು, ಮಲಗುವ ಹೊರಸು, ಮನುಷ್ಯ ಯಾವುದನ್ನು ಹೊಗಳುವುದಿದ್ದರೂ ಗಟ್ಟಿ ಎನ್ನುತ್ತೇವೆ. ಅವನ ಅಂಗಳಕ್ಕೆ ಬರುವವರೆಲ್ಲ ಇನ್ನೊಂದು ಪಟ್ಟಿ ಸೇರಿಸು, ಇನ್ನಷ್ಟು ಕಬ್ಬು ಹೊರಬೇಕು ಎನ್ನುವವರು. ಮೆತ್ತಗಿನ ಗಾಡಿ ಬೇಕೆಂದು ಬಂದವಳು ನಾನೊಬ್ಬಳೇ ಇರಬೇಕು. ಗಾಡಿಯಲ್ಲಿ ಕೂತವರಿಗೆ ಏನಾಗುತ್ತದೆ ಎಂದು ಅವನೂ ಕೇಳಿರಲಿಲ್ಲ, ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

"ನಮ್ಮ ಅಕ್ಕಗ ಟೊಂಕದ ಬ್ಯಾನಿ ಐತಿ" ಎಂದೆ ಕೊನೆಗೆ.

"ಮೊದಲ ಹೇಳ್ಬೇಕಿಲ್ಲೇನ್ರಿ" ಎಂದು ಆತ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡ. "ಗಾಡಿ ಬ್ಯಾನಿ ಅಂದಕೊಂಡಿದ್ದೆ."

ಪಟ್ಟಿ ತೆಗೆದ. ಉಳಿದವನ್ನು ಬಿಡಿಸಿ, ತುಕ್ಕು ಉಜ್ಜಿ, ನಡುವೆ ಗ್ರೀಸು ಸವರಿ ಕೂಡಿಸಿದ. ಕಮಾನಿನ ತುದಿಗಳಲ್ಲಿ ಕೂರುವ, ಒಣಗಿ ಕಟ್ಟಿಗೆಯಾಗಿದ್ದ ರಬ್ಬರಿನ ಬುಷ್‌ಗಳನ್ನು ಬದಲಿಸಿದ. ಜೀಪು ಜಾಕಿನ ಮೇಲಿದ್ದಾಗಲೇ ಎಲ್ಲ ಬೋಲ್ಟು ಬಿಗಿದು ಕೆಳಗಿಳಿಸಿದ. ಅದು ಯಾರ ಮೇಲೋ ಸಿಟ್ಟಾದವರ ಹಾಗೆ ಹೆಗಲೇರಿಸಿಕೊಂಡು ನಿಂತಿತು. ಓಡಿಸಿದರೆ ಮೊದಲಿಗಿಂತ ಕೆಟ್ಟದು. ಇಬ್ಬರೂ ಸುತ್ತ ತಿರುಗಿ ನೋಡಿದೆವು. ನೆಲದ ಮೇಲೆ ನಿಂತಾಗ ಬೋಲ್ಟು ಸಡಿಲ ಮಾಡಿ ನೋಡೋಣ ಎಂದು ನಮ್ಮಲ್ಲೊಬ್ಬರು ಹೇಳಿದರು. ಸಡಿಲ ಮಾಡಿದ ಕೂಡಲೇ ಜೀಪು ಉಸಿರು ಬಿಟ್ಟ ಹಾಗೆ ಕೆಳಗೆ ಕೂತಿತು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದದ್ದರಿಂದ ರಬ್ಬರು ತಿರುಚಿಕೊಂಡು ಹಿಡಿದಿತ್ತು. ಭಾರ ಬಿದ್ದ ಮೇಲೆ ಬಿಗಿದೆವು. ಆ ಮಾತು ಹೇಳಿದ್ದು ನಾನೇ ಎಂದು ನನ್ನ ನೆನಪು. ತಾನೇ ಎಂದು ಅವನು ಈಗಲೂ ಗಿರಾಕಿಗಳಿಗೆ ಹೇಳುತ್ತಾನಂತೆ. ನಮ್ಮಿಬ್ಬರಲ್ಲಿ ಅವನ ದನಿಯೇ ಗಟ್ಟಿ.

ಸೀಟಿನದು ಮಾಮಾನ ಕೆಲಸ. ಒಳಗಿನ ಸ್ಪಂಜು ಹಿಟ್ಟಾಗಿತ್ತು. ಮಾಮಾ ಅದನ್ನು ಕಿತ್ತು ಒಗೆದು, ಹಳೆಯ ಮಂಚದ ನವಾರ ಪಟ್ಟಿಯನ್ನು ಸೀಟಿನ ಚೌಕಟ್ಟಿಗೆ ಅಡ್ಡ ಉದ್ದ ಹೆಣೆದು, ಮೇಲೆ ಕೌದಿ ಮಡಿಸಿ ಹೊಲಿದ. ಹೆಂಡತಿ ಹೋಗಬಾರದು ಎಂದವನು ಸೀಟನ್ನು ಮಾತ್ರ ಬಹಳ ಚಂದ ಹೆಣೆದ. ಕೇಳಿದರೆ "ಸೀಟು ಹ್ಯಾಂಗೂ ಹಾಳಾಗಿತ್ತಲ್ಲ" ಎಂದ.

ಅಕ್ಕನನ್ನು ಕೂರಿಸಿ ಬಾವಿಯವರೆಗೆ ಹೋಗಿ ಬಂದೆವು. ನಾನು ತಂಬಿಗೆಯ ಕಡೆಗೇ ನೋಡುತ್ತಿದ್ದೆ.

"ಹುಚ್ಚಿ, ನೀರು ನೋಡಬ್ಯಾಡ. ನನ್ನ ಮಾರಿ ನೋಡು."

ನೋಡಿದೆ. ಹಲ್ಲು ಕಚ್ಚಿದ್ದಳು. ಮುಂದೆ ಬರುತ್ತಿದ್ದ ಏಟು ನಿಂತಿತ್ತು. ಖಾಲಿಯಿದ್ದ ಹಿಂಬದಿ ಮಾತ್ರ ಪ್ರತಿ ಜಾಡಿಗೂ ಎದ್ದು ಒದೆಯುತ್ತಿತ್ತು.

ಮಾಮಾ ಕಟ್ಟೆಯಿಂದ ಕೂಗಿದ: "ಖಾಲಿ ಬಂಡಿ ಎಲ್ಲೆರ ಸುಮ್ನ ಹೋಗ್ತೇತೇನ? ಹಿಂದ ಎರಡು ಚೀಲ ಜ್ವಾಳ ಒಗೀರಿ!"

ಆ ಮಾತು ನಮಗೆ ಯಾಕೆ ಹೊಳೆಯಲಿಲ್ಲವೋ. ಎರಡು ಚೀಲ ಬಿಳಿ ಜೋಳ, ಆಗಷ್ಟೇ ರಾಶಿ ಮಾಡಿದ್ದು, ಹಿಂದಿನ ಚಕ್ರಗಳ ಮೇಲೆ ಅಡ್ಡ ಮಲಗಿಸಿ ಹಗ್ಗ ಬಿಗಿದೆವು. ಬಾವಿಯವರೆಗೆ ಮತ್ತೊಮ್ಮೆ. ಜೀಪು ಜಾಡಿಗೆ ಇಳಿದು ನಿಧಾನ ಎದ್ದಿತು. ಅಕ್ಕ ಹಲ್ಲು ಬಿಟ್ಟಳು. ಆಕೆ ನಕ್ಕದ್ದು ನೆಮ್ಮದಿಯಿಂದಲೋ ಮಾಮಾನನ್ನು ಸೋಲಿಸಿದ ಖುಷಿಯಿಂದಲೋ ತಿಳಿಯಲಿಲ್ಲ.

"ನಾಳೆ ಹೊಂಟೇವಿ" ಎಂದಳು.

ಹೊರಟೆವು. ಆಲಮೇಲ, ಸಿಂದಗಿ, ದೇವರಹಿಪ್ಪರಗಿ, ಬಾಗೇವಾಡಿ. ಈ ದಾರಿಯ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಕೊಯ್ದ ಜೋಳದ ಹೊಲಗಳಿದ್ದವು, ಕಣಿಕೆ ದಂಟಿನ ಬಣವೆಗಳಿದ್ದವು ಎಂದು ಬರೆಯಬಹುದು. ಆ ಕಾಲಕ್ಕೆ ಇರಲೇಬೇಕು, ಆದ್ದರಿಂದ ಇದ್ದಿರಬೇಕು. ನಿಜಕ್ಕೂ ನಾನು ನೋಡಿದ್ದು ರಸ್ತೆಯ ತಗ್ಗುಗಳನ್ನು ಮತ್ತು ಪಕ್ಕದ ಮುಖವನ್ನು. ಅಕ್ಕ ದಾರಿಯುದ್ದಕ್ಕೂ ಮಾತಾಡಿದಳು. ಯಾರ ಹೊಲ ಯಾರಿಗೆ ಹೋಯಿತು, ಯಾವ ಬೀಗತಿ ಎಷ್ಟು ಜಿಪುಣಿ. ಮಾತು ನಿಂತರೆ ನೋವು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಬಹಳ ಕಡೆ ನಿಲ್ಲಲಿಲ್ಲ.

ಬೀಗರ ಅಂಗಳದಲ್ಲಿ ಜೀಪು ನಿಂತಿತು. ಮಗಳು ಓಡಿ ಬರುವ ಹಾಗಿರಲಿಲ್ಲ, ಆದರೂ ಬಂದಳು. "ಯವ್ವಾ ಬಂದಿ?" ಎಂದು ಬಾಗಿಲು ಹಿಡಿದು ನಿಂತಳು. ಅಕ್ಕ ಒಂದು ಕಾಲು ಕೆಳಗಿಟ್ಟು, ಒಂದು ಕೈ ಮಗಳಿಗೆ, ಒಂದು ಕೈ ನನಗೆ ಕೊಟ್ಟು ಇಳಿದಳು. ಮುಖ ಬೂದಿಯಾಯಿತು, ಮತ್ತೆ ಬಣ್ಣ ಬಂತು. ನಾವಿಬ್ಬರೂ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದೆವು. ಅಷ್ಟರಲ್ಲಿ ಹಿಂದೆ ಧೊಪ್ ಎಂದು ಸದ್ದಾಯಿತು.

ಬೀಗರ ಮನೆಯ ಗಂಡಸರು ಹಗ್ಗ ಬಿಚ್ಚಿ, ಚೀಲಗಳನ್ನು ಬೆನ್ನಿಗೇರಿಸಿ, ಆಗಲೇ ಒಳಗೆ ಹೊರಟಿದ್ದರು.

"ಏನ್ರಿ ಬೀಗತ್ಯಾರ," ಅಕ್ಕನ ಬೀಗತಿ ಹೊಸ್ತಿಲಲ್ಲಿ ನಿಂತು ದೊಡ್ಡ ದನಿ ತೆಗೆದಳು, "ಬುತ್ತಿ ತರ್ತೀರಿ ಅಂದಕೊಂಡಿದ್ವಿ, ಜ್ವಾಳನ ತಂದೀರಲ್ಲ!"

ತಪ್ಪು ಅವರದಲ್ಲ. ಕುಬಸಕ್ಕೆ ತವರಿನವರ ಗಾಡಿ ಬಂದರೆ ಅದರಲ್ಲಿರುವುದೆಲ್ಲ ಮಗಳ ಮನೆಗೆ. ಬೀಗರ ಮನೆಗೆ ಜೋಳ ಹೊತ್ತು ಬಂದು, ಇದು ನಿಮಗಲ್ಲ, ಗಾಡಿ ಕುಣಿಯಬಾರದೆಂದು ಇಟ್ಟದ್ದು ಎಂದು ಹೇಳುವವರು ಯಾರೂ ಹುಟ್ಟಿಲ್ಲ. ಕಲ್ಲು ಇಡಬಹುದಿತ್ತು, ಮರಳು ತುಂಬಬಹುದಿತ್ತು. ಮನೆಯಲ್ಲಿ ಜೋಳ ಕೈಗೆ ಹತ್ತಿರವಿತ್ತು, ಜೋಳ ಇಟ್ಟೆವು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಕ್ಕ ನನ್ನನ್ನು ನೋಡಿದಳು. ನಾನು ಚಕ್ರ ನೋಡಿದೆ.

"ಹೌದ್ರಿ," ಎಂದಳು ಅಕ್ಕ, "ಹೊಸಾ ಜ್ವಾಳ. ರೊಟ್ಟಿ ಹಾಲಿನಂಗ ಬರ್ತಾವ."

ಉಡಿ ತುಂಬಿದ್ದನ್ನು ವರ್ಣಿಸುವುದಿಲ್ಲ. ನನಗೆ ಅದು ಒಂದೇ ಒಂದು ಚಿತ್ರವಾಗಿ ಉಳಿದಿದೆ, ಅದೂ ಫೋನಿನಲ್ಲಿ ತೆಗೆದ ಫೋಟೊ ಇರಬಹುದು. ಅಕ್ಕ ಬಗ್ಗಲಾರಳು, ಆದ್ದರಿಂದ ಮಗಳನ್ನು ಎತ್ತರದ ಮಣೆಯ ಮೇಲೆ ಕೂರಿಸಿದ್ದಾರೆ. ಅಕ್ಕ ನಿಂತೇ ಇದ್ದಾಳೆ, ಬೊಗಸೆಯ ಅಕ್ಕಿ ಹಸಿರು ಸೆರಗಿಗೆ ಬೀಳುತ್ತಿದೆ. ಫೋಟೊದಲ್ಲಿ ಇಲ್ಲದ ಒಂದು ಸಂಗತಿಯೂ ನೆನಪಿದೆ. ಬೊಗಸೆ ಖಾಲಿಯಾದ ಮೇಲೆ ಅಕ್ಕ ಮಗಳ ಹೆಗಲು ಹಿಡಿದು ನಿಂತಳು.

ಹೋಗುವುದೇನೋ ಆಯಿತು, ತಿರುಗಿ ಬರುವುದಿತ್ತು. ಈಗ ಜೀಪಿನಲ್ಲಿ ಅಕ್ಕನ ಟೊಂಕದ ಜೊತೆಗೆ ಏಳು ತಿಂಗಳ ಹೊಟ್ಟೆ, ಹಿಂದೆ ಖಾಲಿ. ನಿಧಾನ ಹೋಗಬಹುದು ಎಂದು ಮಗಳ ಡಾಕ್ಟರು ಹೇಳಿದ್ದರು. ತಮ್ಮ ಕಾರಿನಲ್ಲಿ ಬಿಟ್ಟು ಬರುತ್ತೇವೆಂದು ಬೀಗರು ಹೇಳಿದರು. ನಮ್ಮ ದಾರಿಯ ದಿಬ್ಬವನ್ನು ಮೊದಲೇ ಕಂಡಿದ್ದರಿಂದ ಮತ್ತೆ ಒತ್ತಾಯ ಮಾಡಲಿಲ್ಲ. ನಾನು ಅಂಗಳದ ಮೂಲೆಯಲ್ಲಿದ್ದ ಕಲ್ಲುಗಳ ಕಡೆಗೆ ನೋಡಿದೆ. ಅಕ್ಕ ನನ್ನ ಕಣ್ಣು ಹೋದಲ್ಲಿ ನೋಡಿ, ಕಿವಿಯಲ್ಲಿ ಬೈದಳು:

"ಬಸುರಿ ಹೆಣ್ಣಿನ ಜೋಡಿ ಬೀಗರ ಮನಿ ಕಲ್ಲು ಹೊರತೀಯೇನ? ಏನಂದಾರು?"

ನಾವು ತಂದಿದ್ದ ಬುತ್ತಿಯ ಡಬ್ಬಿಗಳನ್ನು ತೊಳೆದು ಹಿಂದೆ ಇಟ್ಟರು. ಹಗುರ ತಗಡು. ಎಲ್ಲರೂ ಬೀಳ್ಕೊಡಲು ನಿಂತರು. ಆಗ ಅಕ್ಕ, ಒಂದು ಕೈ ಬಾಗಿಲಿಗೆ ಕೊಟ್ಟು, ಇದ್ದಕ್ಕಿದ್ದಂತೆ ನೆನಪಾದವಳ ಹಾಗೆ ಹೇಳಿದಳು:

"ಅಯ್ಯ, ನಾವು ಮೂರ ಮಂದಿ ಆದ್ವಲ್ರಿ."

ಮೂವರು ಕೂಡಿ ಪ್ರಯಾಣ ಹೊರಡಬಾರದು. ಹೊರಡಲೇಬೇಕಾದರೆ ನಾಲ್ಕನೆಯವರೆಂದು ಒಂದು ಕಲ್ಲು ಇಟ್ಟುಕೊಳ್ಳಬೇಕು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು. ಸಾಮಾನ್ಯವಾಗಿ ನಿಂಬೆಕಾಯಿಯಷ್ಟು ಕಲ್ಲು, ಚೀಲದೊಳಗೆ.

"ಹೊಟ್ಯಾಗಿಂದು ಹಿಡದ್ರ ನಾಕ್ ಆತಲ್ರಿ" ಎಂದಳು ಬೀಗತಿ.

"ಹುಟ್ಟಲಾರದ ಕೂಸಿನ ಲೆಕ್ಕ ಹಿಡೀತಾರೇನ್ರಿ?" ಅಕ್ಕನ ದನಿಯಲ್ಲಿ ನಿಜವಾದ ಗಾಬರಿಯಿತ್ತು. ನಿಜವಾದದ್ದೆಂದೇ ನಾನೂ ನಂಬಿದೆ.

"ಖರೆರಿ, ಖರೆ." ಬೀಗತಿ ಕೆನ್ನೆ ಮುಟ್ಟಿಕೊಂಡಳು. "ಏ, ಒಂದು ಕಲ್ಲ ತಗೊಂಡ ಬರ್ರೋ."

ಒಬ್ಬ ಬೆಣಚುಕಲ್ಲು ಹಿಡಿದು ಬಂದ. ಅಕ್ಕ ಅದನ್ನು ನೋಡಿ ತಲೆಯಲ್ಲಾಡಿಸಿದಳು.

"ಚೊಚ್ಚಲ ಬಸುರಿರಿ. ಅಷ್ಟ ಸಣ್ಣದು ಆಗೂದಿಲ್ಲ. ಮನ್ಯಾಗ ದುಡದಿದ್ದು ಇರಬೇಕು." ಕಣ್ಣು ಬಚ್ಚಲ ಗೋಡೆಯ ಪಕ್ಕಕ್ಕೆ ಹೋಯಿತು. ಅಲ್ಲಿ, ಮಿಕ್ಸರ್ ಬಂದಂದಿನಿಂದ ಯಾರೂ ಮುಟ್ಟದ, ಕೋಳಿಗಳು ನೀರು ಕುಡಿಯುವ ಒರಳು ಕೂತಿತ್ತು. "ಅದು ನಡೀತೇತಿ."

ಮನೆಯಲ್ಲಿ ದುಡಿದ ಕಲ್ಲೇ ಆಗಬೇಕೆಂಬ ಪದ್ಧತಿ ನಾನು ಎಲ್ಲೂ ಕೇಳಿಲ್ಲ. ಬೀಗತಿಯೂ ಕೇಳಿರಲಾರಳು. ಆದರೆ ಬಸುರಿಯ ವಿಷಯದಲ್ಲಿ ಇಂಥದ್ದಿಲ್ಲ ಎಂದು ಮೊದಲು ಹೇಳುವವರು ಯಾರು? ಗಂಡಸರು ಮುಲುಗುತ್ತ ಒರಳು ಎತ್ತಿ ಹಿಂದೆ ಇಟ್ಟರು. ಜೀಪು ಕೆಳಗೆ ಕೂತಿತು. ಅಕ್ಕ ಆ ಕಡೆ ನೋಡಲಿಲ್ಲ.

ಮಗಳನ್ನು ನವಾರದ ಸೀಟಿಗೆ ಕಳಿಸಿ ಅಕ್ಕ ಹಿಂದೆ ಕೂರುತ್ತೇನೆಂದಳು. ಅದು ನಮ್ಮ ಲೆಕ್ಕದಲ್ಲಿರಲಿಲ್ಲ. ನಾನು ಬೇಡವೆಂದೆ, ಮಗಳು ಬೇಡವೆಂದಳು. "ನನ್ನದು ಆತಲ್ಲ, ಉಡಿ ತುಂಬೇನಿ. ಇನ್ನ ಆಕಿದು" ಎಂದು ಹಿಂದಿನಿಂದ ಹತ್ತಿ, ಹಾಸಿದ ಕೌದಿಗಳ ಮೇಲೆ ಒರಳಿಗೆ ಬೆನ್ನು ಕೊಟ್ಟು ಕಾಲು ಚಾಚಿದಳು. ಒರಳನ್ನು ಹಗ್ಗದಿಂದ ಎರಡು ಕಡೆ ಬಿಗಿದೆ. ಬಿಗಿದ ಮೇಲೂ ದಾರಿಯಲ್ಲಿ ಮತ್ತೆ ಮತ್ತೆ ಇಳಿದು ನೋಡಿದೆ.

ಸಿಂದಗಿ ದಾಟುವಾಗ ಅಡ್ಡಮಳೆ ಬಂತು. ಮಗಳು ಆಲಮೇಲ ದಾಟಿದ ಮೇಲೆ ಎನ್ನುತ್ತಾಳೆ. ತೋಟದ ದಾರಿ ಮುಟ್ಟುವಾಗ ಮೇಲಿನ ಮಣ್ಣು ಅಂಟಾಗಿತ್ತು. ನಾಲ್ಕೂ ಚಕ್ರ ಹೂಡಿ ನಿಧಾನ ಇಳಿಸಿದೆ. ಜೀಪು ಅತ್ತಿತ್ತ ಜಾರಿತು, ಆದರೆ ಒದೆಯಲಿಲ್ಲ. ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಚಿಗವ್ವಾ, ತೊಟ್ಟಿಲದಾಗ ಕುಂತಂಗ ಆಗಾಕತ್ತೇತಿ" ಎಂದಳು. ಹಿಂದಿನಿಂದ ಮಾತೇ ಇಲ್ಲ. ಮಾತು ನಿಂತರೆ ನೋವು ಎಂಬ ನನ್ನ ಲೆಕ್ಕ ನೆನಪಾಗಿ ಕತ್ತೆತ್ತಿದೆ. ಕನ್ನಡಿಯಲ್ಲಿ ಒರಳಿನ ಅಂಚು ಮಾತ್ರ ಕಾಣುತ್ತಿತ್ತು.

ಅಂಗಳದಲ್ಲಿ ನಿಲ್ಲಿಸಿ ಓಡಿದೆ. ಮಾಮಾ ನನಗಿಂತ ಮೊದಲು ಹಿಂದಿನ ಬಾಗಿಲು ತೆಗೆದಿದ್ದ. ಅಕ್ಕ ಒರಳಿಗೆ ಕೆನ್ನೆ ಕೊಟ್ಟು ಬಾಯಿ ತೆರೆದಿದ್ದಳು.

"ಏ, ಏನಾತು?" ಮಾಮಾ ಆಕೆಯ ಭುಜ ಅಲುಗಿಸಿದ.

ಅಕ್ಕ ಕಣ್ಣು ತೆರೆದಳು. "ಏನ್ ಆಗೂದು? ನಿದ್ದಿ ಹತ್ತಿತ್ತು." ಆಮೇಲೆ ಸುತ್ತ ನೋಡಿ, "ಇಷ್ಟ ಲಗೂ ಬಂದ್ವಿ?"

ಮಾಮಾ ಒರಳನ್ನು ನೋಡಿದ. "ಜ್ವಾಳ ಎಲ್ಲೈತಿ?"

"ರೊಟ್ಟಿ ಆಗೇತಿ" ಎಂದಳು ಅಕ್ಕ.

ಅಂದಿನ ದಾರಿಯಲ್ಲಿ ಅಕ್ಕ ಹಾಡುತ್ತಿದ್ದಳು ಎಂದು ಮಗಳು ಇವತ್ತಿಗೂ ವಾದಿಸುತ್ತಾಳೆ. ನನಗೆ ಕೇಳಿಸಲಿಲ್ಲ, ಅಕ್ಕ ಇಲ್ಲವೆನ್ನುತ್ತಾಳೆ. ನವಾರದ ಸೀಟಿನಲ್ಲಿ ಮಗಳಿಗೂ ನಿದ್ದೆ ಹತ್ತಿ ಕನಸಾಗಿರಬೇಕು ಎಂದುಕೊಂಡಿದ್ದೇನೆ. ಹಾಗಾದರೆ ತೊಟ್ಟಿಲಿನ ಮಾತನ್ನು ನನಗೆ ಹೇಳಿದವರು ಯಾರು?

ಮೊಮ್ಮಗಳು ಹುಟ್ಟಿದಳು. ಈಗ ಕವುಚಿ ಬೀಳುತ್ತಾಳೆ. ಬರುವ ವಾರ ತಾಯಿಯನ್ನೂ ಮಗುವನ್ನೂ ಬೀಗರ ಮನೆಗೆ ಬಿಟ್ಟು ಬರಬೇಕು. ಒರಳು ಇನ್ನೂ ಜೀಪಿನಲ್ಲೇ ಇದೆ. ಇಳಿಸೋಣ ಎನ್ನುತ್ತಲೇ ಇದ್ದೆವು, ಅದಿದ್ದರೆ ಜೀಪು ಚೆನ್ನಾಗಿ ಹೋಗುತ್ತಿತ್ತು, ಬಿಟ್ಟೆವು. ಬೀಗತಿ ಫೋನು ಮಾಡಿದಾಗೆಲ್ಲ ಕೂಸಿನ ಜೊತೆ ಒರಳನ್ನೂ ಕೇಳುತ್ತಾಳೆ, ಕೋಳಿಗಳು ನೀರಿಗೆ ಪರದಾಡುತ್ತಿವೆಯಂತೆ.

ನಿನ್ನೆ ತಂಬಿಗೆ ತೊಳೆಯುತ್ತ ಅಕ್ಕನಿಗೆ ಫೋನು ಮಾಡಿದೆ. ಹೋಗುವಾಗ ಒರಳು ಇರುತ್ತದೆ, ಅಲ್ಲಿ ಇಳಿಸಿದ ಮೇಲೆ ನಾವಿಬ್ಬರೇ ತಿರುಗಿ ಬರಬೇಕು, ಹಿಂದೆ ಖಾಲಿ, ಏನು ಮಾಡುವುದು ಎಂದು ಕೇಳಿದೆ.

"ಒರಳ ಒಯ್ತೀವಿ ಅಂತ ಯಾರ ಹೇಳಿದ್ರು? ಅದು ಇಲ್ಲೇ ತೋಟದಾಗ ಇರ್ಲಿ" ಎಂದಳು ಅಕ್ಕ. "ಈ ಸಲ ಕೂಸಿನ ಲೆಕ್ಕ ಹಿಡೀಬಹುದು. ಹೋಗೂವಾಗ ನಾಕ್ ಮಂದಿ, ಕಲ್ಲು ಬೇಕಾಗಿಲ್ಲ. ಅದಕ್ಕ ಎರಡ ಚೀಲ ಜ್ವಾಳ ಹಾಕೂಣು."

"ಮತ್ತ ಬರೂವಾಗ?"

ಕೂಸನ್ನು ಹಿಡಿ ಎಂದು ಆಕೆ ಮಗಳಿಗೆ ಹೇಳಿದ್ದು ಕೇಳಿಸಿತು.

"ಅಲ್ಲಿ ಬೀಸುಕಲ್ಲ ಐತಿ," ಎಂದಳು, "ನಾ ನೋಡೇನಿ."